ಎದೆಯೊಳಗಿನ ಅಡ್ಡದಾರಿ

1930ರ ಆಗಸ್ಟ್ ತಿಂಗಳ 'ಅಮೆರಿಕನ್ ಹಾರ್ಟ್ ಜರ್ನಲ್'ನಲ್ಲಿ ಒಂದು ಲೇಖನ ಬಂತು. ಬರೆದವರು ಮೂವರು. ಬಾಸ್ಟನ್ನಿನ ಲೂಯಿ ವುಲ್ಫ್ ಮತ್ತು ಪಾಲ್ ಡಡ್ಲಿ ವೈಟ್, ಲಂಡನ್ನಿನ ಜಾನ್ ಪಾರ್ಕಿನ್ಸನ್. (ಕೈ ನಡುಗುವ ಕಾಯಿಲೆಗೆ ಹೆಸರು ಕೊಟ್ಟ ಪಾರ್ಕಿನ್ಸನ್ ಇವರಲ್ಲ. ಅವರು ಜೇಮ್ಸ್, ಇವರಿಗಿಂತ ನೂರು ವರ್ಷ ಹಿಂದಿನವರು.) ಲೇಖನದ ತಲೆಬರಹ ಎಷ್ಟು ಉದ್ದ ಇದೆ ಅಂದರೆ ಪೂರ್ತಿ ಹೇಳಿದರೆ ನಿಮಗೆ ನಿದ್ದೆ ಬರುತ್ತೆ. ಆದರೆ ಇಸಿಜಿಯ ಪರಿಭಾಷೆಗಳ ನಡುವೆ ಅದರಲ್ಲಿ ಒಂದು ಸಾದಾ ಮಾತು ಸಿಕ್ಕಿಕೊಂಡಿದೆ. ಇದು ಕಾಣಿಸುವುದು ಆರೋಗ್ಯವಂತ ಯುವಜನರಲ್ಲಿ, ಅಂತ.

ಆರೋಗ್ಯವಂತರು ಅಂದಮೇಲೆ ಹೃದ್ರೋಗದ ಪತ್ರಿಕೆಯಲ್ಲಿ ಅವರಿಗೇನು ಕೆಲಸ?

ಲೇಖನದಲ್ಲಿ ಬರುವುದು ಒಟ್ಟು 11 ಜನ. ಇದಕ್ಕೆಲ್ಲ ಶುರು ಮಾಡಿದವರು 35 ವರ್ಷದ ಒಬ್ಬ ಜಿಮ್ನಾಸ್ಟಿಕ್ ಮೇಷ್ಟ್ರು. 1928ರ ಏಪ್ರಿಲ್ 2ರಂದು ಅವರು ವೈಟ್ ಹತ್ತಿರ ಬಂದರು. ದೂರು ಏನಪ್ಪಾ ಅಂದರೆ, ಸುಮ್ಮನೆ ಇದ್ದಾಗ ಇದ್ದಕ್ಕಿದ್ದಂತೆ ಎದೆ ಓಡೋಕೆ ಶುರುವಾಗುತ್ತೆ, ಆಮೇಲೆ ಅಷ್ಟೇ ಇದ್ದಕ್ಕಿದ್ದಂತೆ ನಿಂತುಹೋಗುತ್ತೆ. ವ್ಯಾಯಾಮ ಕಲಿಸುವುದೇ ಕಸುಬಾಗಿರುವ ಮನುಷ್ಯ, ನೋಡಲಿಕ್ಕೆ ಗಟ್ಟಿಮುಟ್ಟು. ಇಸಿಜಿ ತೆಗೆದರೆ ಮಾತ್ರ ಗೆರೆ ಸೊಟ್ಟ. ಹೃದಯದೊಳಗಿನ ವೈರಿಂಗ್ ಕೆಟ್ಟವರಲ್ಲಿ ಕಾಣುವಂಥ ಅಗಲವಾದ ಗೆರೆ. ಆದರೆ ವ್ಯಾಯಾಮ ಮಾಡಿಸಿ ತೆಗೆದರೆ ಗೆರೆ ತಾನಾಗಿ ಸರಿಹೋಗುತ್ತಿತ್ತು! ಅಟ್ರೋಪಿನ್ ಕೊಟ್ಟರೂ ಅಷ್ಟೇ. ನಿಜವಾಗಿ ಕೆಟ್ಟುಹೋದ ಹೃದಯ ಹೀಗೆ ಮಾಡಲ್ಲ. ವೈಟ್ ಅವರ ಜೊತೆ ಕೆಲಸ ಮಾಡುತ್ತಿದ್ದ ವುಲ್ಫ್ ಇನ್ನಷ್ಟು ಇಂಥ ಗೆರೆಗಳನ್ನು ಹುಡುಕಿದರು. ವೈಟ್ ಅವನ್ನು ಯುರೋಪಿಗೆ ಒಯ್ದು ತೋರಿಸಿದರು. ಲಂಡನ್ನಿನ ಪಾರ್ಕಿನ್ಸನ್ ತಮ್ಮ ಹಳೇ ಕಡತಗಳನ್ನು ತಿರುವಿದರೆ ಅಲ್ಲೂ ಅದೇ ಗೆರೆ. ಹೀಗೆ ಹನ್ನೊಂದಾಯಿತು.

ಇಂಥ ಗೆರೆಯನ್ನು ಮೊದಲು ಕಂಡವರು ಇವರೇ ಅಲ್ಲ. 1915ರಲ್ಲೇ ಫ್ರಾಂಕ್ ವಿಲ್ಸನ್ ಎಂಬ ಅಮೆರಿಕನ್ ವೈದ್ಯರು ಒಂದನ್ನು ಅಚ್ಚು ಹಾಕಿಸಿದ್ದರು. ಆದರೂ ಹೆಸರು ಈ ಮೂವರದ್ದೇ ಉಳಿಯಿತು. ಹನ್ನೊಂದು ಬೇರೆ ಬೇರೆ ಮನುಷ್ಯರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ನೋಡಿ ಇವರೆಲ್ಲ ಒಂದೇ ಜಾತಿ, ಇವರು ರೋಗಿಷ್ಠರಲ್ಲ ಅಂತ ಹೇಳಿದ್ದು ಇವರು. ಆ ಕಾಲಕ್ಕೆ ಆ ಎರಡನೇ ಮಾತು ಎಷ್ಟು ದೊಡ್ಡದು ಅನ್ನೋದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಅಮೆರಿಕದ ಅಂತರ್ಯುದ್ಧದ ಕಾಲ. ಫಿಲಡೆಲ್ಫಿಯಾದ ಸೇನಾ ಆಸ್ಪತ್ರೆಯೊಂದರಲ್ಲಿ ಜೇಕಬ್ ಡ ಕೋಸ್ಟಾ ಎಂಬ ವೈದ್ಯರ ಮುಂದೆ ವಿಚಿತ್ರ ಸೈನಿಕರು ಬಂದು ನಿಲ್ಲತೊಡಗಿದರು. ಗಾಯ ಇಲ್ಲ, ಜ್ವರ ಇಲ್ಲ. ಎದೆ ಬಡಿತ, ಎಡಗಡೆ ನೋವು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೃದಯಕ್ಕೆ ಕಿವಿಯಿಟ್ಟರೆ ಅಂಥದ್ದೇನೂ ಇಲ್ಲ. ಇಂಥ 300ಕ್ಕೂ ಹೆಚ್ಚು ಜನರನ್ನು ನೋಡಿ 1871ರಲ್ಲಿ ಅವರು ಒಂದು ಪ್ರಬಂಧ ಬರೆದರು, ಇದಕ್ಕೆ 'ರೇಗುವ ಹೃದಯ' ಎಂಬರ್ಥದ ಹೆಸರಿಟ್ಟರು. ಮುಂದೆ ಮೊದಲ ಮಹಾಯುದ್ಧದಲ್ಲಿ ಅದೇ ಕಥೆ ಬ್ರಿಟಿಷ್ ಸೇನೆಯಲ್ಲಿ. ಈಗ ಹೆಸರು 'ಸೈನಿಕರ ಹೃದಯ'. ಹತ್ತಾರು ಸಾವಿರ ಯುವಕರು. ಎದೆಯಲ್ಲಿ ಸಣ್ಣ ಮರ್ಮರ ಕೇಳಿಸಿತೋ, ನಾಡಿ ಒಂದು ತಾಳ ತಪ್ಪಿತೋ, ಹೃದ್ರೋಗ ಅಂತ ಚೀಟಿ ಬರೆದು ಹಾಸಿಗೆಗೆ ಹಾಕುವುದು ರೂಢಿ. ತಿಂಗಳುಗಟ್ಟಲೆ ಮಲಗಿದ ಇಪ್ಪತ್ತರ ಹುಡುಗ ಎದ್ದು ನಿಂತರೆ ಎದೆ ಹೊಡೆದುಕೊಳ್ಳದೆ ಇನ್ನೇನು ಮಾಡೀತು? ಹೊಡೆದುಕೊಂಡಿತಾ, ನೋಡಿದ್ರಾ ರೋಗ ಇದೆ ಅಂತ ಮತ್ತೆ ಮಲಗಿಸುವುದು.

ಇದನ್ನು ಪ್ರಶ್ನೆ ಮಾಡಿದವರಲ್ಲಿ ಮುಖ್ಯರು ಜೇಮ್ಸ್ ಮೆಕೆಂಜಿ. ವರ್ಷಗಟ್ಟಲೆ ಬರ್ನ್ಲಿ ಎಂಬ ಗಿರಣಿ ಊರಿನಲ್ಲಿ ಮನೆಮನೆಗೆ ಹೋಗಿ ಔಷಧಿ ಕೊಡುತ್ತಿದ್ದ ಸಾಮಾನ್ಯ ಡಾಕ್ಟರು ಅವರು. ಒಂದೇ ಊರಿನಲ್ಲಿ ಬಹಳ ಕಾಲ ಇದ್ದುದರಿಂದ ಅವರಿಗೊಂದು ಅನುಕೂಲ ಇತ್ತು. ನಾಡಿ ಏರುಪೇರಿದ್ದ ಹುಡುಗರು ಹತ್ತು, ಇಪ್ಪತ್ತು ವರ್ಷ ಆದಮೇಲೆ ಏನಾದರು ಅಂತ ಅವರು ಕಣ್ಣಾರೆ ನೋಡಿದ್ದರು. ಬಹಳಷ್ಟು ಜನಕ್ಕೆ ಏನೂ ಆಗಿರಲಿಲ್ಲ. ಅವರ ನಂತರದ ತಲೆಮಾರಿನ ಥಾಮಸ್ ಲೂಯಿಸ್ ಹ್ಯಾಂಪ್‌ಸ್ಟೆಡ್ಡಿನ ಸೇನಾ ಆಸ್ಪತ್ರೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮಲಗಿದ್ದವರನ್ನು ಎಬ್ಬಿಸಿ ಡ್ರಿಲ್ ಮಾಡಿಸಿದರು. ಮೊದಲು ಹಗುರ, ಆಮೇಲೆ ಸ್ವಲ್ಪ ಜಾಸ್ತಿ, ಆಮೇಲೆ ಇನ್ನೂ ಸ್ವಲ್ಪ. ಯಾರಿಗೆ ನಿಜವಾದ ರೋಗ, ಯಾರಿಗೆ ಅಲ್ಲ ಅನ್ನೋದು ಅಂಗಳದಲ್ಲೇ ಬೇರ್ಪಡುತ್ತಿತ್ತು. ಸುಧಾರಿಸಿಕೊಂಡವರು ಕೆಲಸಕ್ಕೆ ಮರಳುತ್ತಿದ್ದರು. ನಮ್ಮ ಪಾಲ್ ಡಡ್ಲಿ ವೈಟ್ ಯುದ್ಧಕ್ಕೆ ಮುಂಚೆ ಕಲಿಯೋಕೆ ಹೋಗಿದ್ದು ಇದೇ ಲೂಯಿಸ್ ಹತ್ತಿರ. ಪಾರ್ಕಿನ್ಸನ್ ಕೂಡ ಯುದ್ಧಕಾಲದಲ್ಲಿ ಇಂಥ ಸೈನಿಕರನ್ನು ಪರೀಕ್ಷಿಸಿ 1916ರಲ್ಲಿ 'ಲ್ಯಾನ್ಸೆಟ್'ಗೆ ಬರೆದವರು. ಹಾಗಾಗಿ 1930ರ ಲೇಖನದ ಆ ಸಾದಾ ಮಾತು ಆಕಸ್ಮಿಕ ಅಂತ ನನಗನ್ನಿಸಲ್ಲ. ಡಾಕ್ಟರ ಬಾಯಿಂದ ಬಿದ್ದ ಒಂದು ಪದ ಚೆನ್ನಾಗಿರುವ ಹೃದಯವನ್ನೂ ಹೇಗೆ ಮೂಲೆಗೆ ಕೂರಿಸಬಲ್ಲದು ಅನ್ನೋದನ್ನು ಅವರು ವಾರ್ಡುಗಟ್ಟಲೆ ನೋಡಿದ್ದರು.

ಇದೇನೋ ದೂರದ ಕಥೆ ಅನ್ನಬೇಡಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದ ಮರುದಿನಗಳಲ್ಲಿ ಜಯದೇವ ಆಸ್ಪತ್ರೆಯ ಮುಂದೆ ಯಾರು ನಿಂತಿದ್ದರು ನೆನಪಿದೆಯಾ? ಜಿಮ್ಮಿಗೆ ಹೋಗುವ ಹುಡುಗರು. 2025ರಲ್ಲಿ ಹಾಸನ ಜಿಲ್ಲೆಯಿಂದ ಸಾಲುಸಾಲು ಸಾವಿನ ಸುದ್ದಿ ಬಂದಾಗ ಮತ್ತೆ ಅದೇ ಕ್ಯೂ, ಬೆಂಗಳೂರಿನಲ್ಲೂ ಮೈಸೂರಿನಲ್ಲೂ. ಆ ಕ್ಯೂನಲ್ಲಿ ನಿಂತವರನ್ನು ನೋಡಿ ನಗುವುದು ಸುಲಭ. ನನಗೆ ನಗು ಬರಲಿಲ್ಲ. ಅಷ್ಟು ಹೊತ್ತಿಗೆ ವುಲ್ಫ್, ಪಾರ್ಕಿನ್ಸನ್, ವೈಟ್ ಮೂವರ ಹೆಸರೂ ನನ್ನ ಫೈಲಿನ ಮೇಲೆ ಇತ್ತು.

ಅದು ಸಿಕ್ಕಿದ್ದು ಹೊಸ ಕಂಪೆನಿ ಸೇರುವ ಮುಂಚಿನ ಹೆಲ್ತ್ ಚೆಕಪ್‌ನಲ್ಲಿ. ನನಗಾಗ 26. ಕಾಲೇಜಿನ ದಿನಗಳಿಂದ ಆಗೊಮ್ಮೆ ಈಗೊಮ್ಮೆ ಎದೆ ಓಡುತ್ತಿತ್ತು. ಪರೀಕ್ಷೆ ಟೆನ್ಷನ್ನು, ಕಾಫಿ ಜಾಸ್ತಿ ಆಯ್ತು, ಗ್ಯಾಸು ಅಂತ ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಲ್ಯಾಬಿನ ಹುಡುಗಿ ಇಸಿಜಿ ತೆಗೆದಳು, ಕಾಗದ ನೋಡಿದಳು, ಒಂದ್ನಿಮಿಷ ಮೇಡಂ ಅಂದು ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಅಂಟಿಸಿ ಇನ್ನೊಮ್ಮೆ ತೆಗೆದಳು. ಆ ಒಂದು ನಿಮಿಷದಲ್ಲಿ ನನ್ನ ವಯಸ್ಸು ಹತ್ತು ವರ್ಷ ಏರಿತು. ರಿಪೋರ್ಟಿನಲ್ಲಿ ಮೂರು ಅಕ್ಷರ, ಡಬ್ಲ್ಯು.ಪಿ.ಡಬ್ಲ್ಯು., ಪಕ್ಕದಲ್ಲಿ ಹೃದ್ರೋಗ ತಜ್ಞರನ್ನು ಕಾಣಿ ಅಂತ. ಆಟೋದಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ. ಮೊದಲು ಕಣ್ಣಿಗೆ ಬಿದ್ದ ಮಾತು 'ಹಠಾತ್ ಸಾವು'. ಮಿಕ್ಕಿದ್ದನ್ನು ಓದಲಿಲ್ಲ.

ಅಪ್ಪ ಅಮ್ಮ ಆ ರಾತ್ರಿಯೇ ಬಸ್ಸು ಹತ್ತಿ ತಿಪಟೂರಿನಿಂದ ಬಂದರು. ಅಪ್ಪ ಏನೂ ಮಾತಾಡಲಿಲ್ಲ. ನಾನು ಮೆಟ್ಟಿಲು ಹತ್ತುವಾಗ ಹಿಂದೆಯೇ ಬರೋರು, ಕೈ ಚಾಚಿಕೊಂಡು. ಅಮ್ಮ ಮೂರನೇ ದಿನ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು. "ಯಾರ ಹತ್ರಾನೂ ಬಾಯಿ ಬಿಡಬೇಡ ಕಣೇ. ನಿಮ್ಮ ದೊಡ್ಡಮ್ಮಂಗೂ ಹೇಳ್ಬೇಡ. ನಾಳೆ ಗಂಡಿನ ಕಡೆಯೋರು ಕೇಳಿದ್ರೆ ಏನು ಹೇಳೋದು?" ನಾನು ಕೇಳಿದೆ, "ಅಮ್ಮ, ನಾಳೆ ಅನ್ನೋದು ಇದ್ದರೆ ತಾನೇ?" ಅವರು ಸೌಟು ಕೆಳಗಿಟ್ಟು ಅತ್ತರು. ನಾನು ಓಡೋದು ಬಿಟ್ಟೆ. ಆಮೇಲೆ ಲಿಫ್ಟಿಲ್ಲದ ಕಡೆ ಹೋಗೋದು ಬಿಟ್ಟೆ. ಆಮೇಲೆ ಒಬ್ಬಳೇ ಮಲಗೋದು ಬಿಟ್ಟೆ. ಡ ಕೋಸ್ಟಾ ಅವರ ಸೈನಿಕರ ಬಗ್ಗೆ ನಾನು ಓದಿದ್ದು ಇವೆಲ್ಲ ಬಿಟ್ಟು ಮನೆಯಲ್ಲಿ ಕೂತಿದ್ದ ಆ ವಾರಗಳಲ್ಲಿ.

ಈ ಗೆರೆ ಸೊಟ್ಟಗಾಗುವುದು ಯಾಕೆ? ಹೃದಯದ ಬಡಿತಕ್ಕೆ ವಿದ್ಯುತ್ತು ಹುಟ್ಟುವುದು ಮೇಲಿನ ಕೋಣೆಯಲ್ಲಿ. ಅದು ಕೆಳಗಿನ ಕೋಣೆಗಳಿಗೆ ಇಳಿಯಬೇಕು. ನಡುವೆ ವಿದ್ಯುತ್ ದಾಟದ ನಾರಿನ ಗೋಡೆ, ಗೋಡೆಯಲ್ಲಿ ಒಂದೇ ಒಂದು ಬಾಗಿಲು. ಆ ಬಾಗಿಲಲ್ಲೊಂದು ಟ್ರಾಫಿಕ್ ಸಿಗ್ನಲ್ ಇದೆ ಅಂದುಕೊಳ್ಳಿ. ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಅಲ್ಲಿ ತಡೆದು ಆಮೇಲೆ ಬಿಡುತ್ತೆ, ಅಷ್ಟರಲ್ಲಿ ಕೆಳಗಿನ ಕೋಣೆಗಳಲ್ಲಿ ರಕ್ತ ತುಂಬಿಕೊಳ್ಳಲಿ ಅಂತ. ಈ ಸಿಗ್ನಲ್ಲನ್ನು 1906ರಲ್ಲಿ ವಿವರವಾಗಿ ತೋರಿಸಿದವರು ಜರ್ಮನಿಯಲ್ಲಿ ಓದುತ್ತಿದ್ದ ಜಪಾನಿನ ಸುನಾವೊ ತವಾರ. ಡಬ್ಲ್ಯು.ಪಿ.ಡಬ್ಲ್ಯು. ಇರುವವರಿಗೆ ಗೋಡೆಯಲ್ಲಿ ಇನ್ನೊಂದು ಸಣ್ಣ ಸಂದು ಉಳಿದುಬಿಟ್ಟಿರುತ್ತೆ. ತಾಯಿಯ ಹೊಟ್ಟೆಯಲ್ಲಿದ್ದಾಗ ಮುಚ್ಚಬೇಕಿದ್ದ ಕಡೆ ನಾಲ್ಕು ಎಳೆ ಸ್ನಾಯು. ಅಲ್ಲಿ ಸಿಗ್ನಲ್ಲೇ ಇಲ್ಲ. ಸಿಲ್ಕ್ ಬೋರ್ಡ್ ತಪ್ಪಿಸೋಕೆ ಲೇಔಟ್ ಒಳಗಿಂದ ನುಗ್ಗುವ ಬೈಕಿನವರ ಹಾಗೆ ವಿದ್ಯುತ್ತು ಅಲ್ಲಿಂದ ಮೊದಲೇ ಇಳಿದುಬಿಡುತ್ತೆ. ಇಸಿಜಿಯಲ್ಲಿ ಕಾಣುವ ಇಳಿಜಾರು ಅದೇ. ಒಮ್ಮೊಮ್ಮೆ ವಿದ್ಯುತ್ತು ಬಾಗಿಲಿನಿಂದ ಇಳಿದು ಈ ಸಂದಿನಿಂದ ಮೇಲೆ ಹತ್ತಿ, ಮತ್ತೆ ಬಾಗಿಲಿಗೆ ಬಂದು ಗಿರಗಿರ ಸುತ್ತತೊಡಗುತ್ತೆ. ಆಗ ಎದೆ ಓಡುತ್ತೆ.

ಇಂಥ ಸ್ನಾಯುಸೇತುವೆಗಳಿವೆ ಅಂತ 1893ರಲ್ಲೇ ಲಂಡನ್ನಿನ ಸ್ಟ್ಯಾನ್ಲಿ ಕೆಂಟ್ ಪ್ರಾಣಿಗಳ ಹೃದಯ ನೋಡಿ ಬರೆದಿದ್ದರು. ಅವರು ತಿಳಿದಿದ್ದು ಇದೇ ಎಲ್ಲರ ಮಾಮೂಲಿ ದಾರಿ ಅಂತ. ಅದು ತಪ್ಪು. ಆದರೂ ವುಲ್ಫ್, ಪಾರ್ಕಿನ್ಸನ್, ವೈಟ್ ಹೇಳಿದ ಗೆರೆಗೂ ಕೆಂಟ್ ಕಂಡ ಸೇತುವೆಗೂ ಸಂಬಂಧ ಇರಬಹುದು ಅಂತ 1932ರಲ್ಲಿ ಹೋಲ್ಜ್‌ಮನ್ ಮತ್ತು ಶೆರ್ಫ್, 1933ರಲ್ಲಿ ವುಲ್ಫರ್ತ್ ಮತ್ತು ವುಡ್ ಊಹಿಸಿದರು. ಸಾಕ್ಷಿ ಸಿಕ್ಕಿದ್ದು 1943ರಲ್ಲಿ. ಅದು ಸಿಕ್ಕ ರೀತಿ ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿದ್ದೆ. ಸತ್ತುಹೋದ 16 ವರ್ಷದ ಹುಡುಗನೊಬ್ಬನ ಹೃದಯವನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಎಳೆಗಳು ಕಂಡವು.

ಅಂದರೆ 1930ರ ಆ ಭರವಸೆ ಪೂರ್ತಿ ನಿಜ ಆಗಿರಲಿಲ್ಲ. ಬಹುಪಾಲು ಜನಕ್ಕೆ ನಿಜ, ಎಲ್ಲರಿಗೂ ಅಲ್ಲ. ಇದರ ಲೆಕ್ಕ ಬಿಡಿಸಿಕೊಂಡಿದ್ದು ಬಹಳ ತಡವಾಗಿ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಈ ತೊಂದರೆ ಇದ್ದು ಹೃದಯ ನಿಂತೇಬಿಟ್ಟಿದ್ದ 25 ಮಂದಿಯನ್ನು ಅಧ್ಯಯನ ಮಾಡಿದರು. ಅಪಾಯ ಬರುವುದು ಗಿರಗಿರ ಸುತ್ತುವುದರಿಂದ ಅಷ್ಟಾಗಿ ಅಲ್ಲ. ಮೇಲಿನ ಕೋಣೆ ದಿಕ್ಕೆಟ್ಟು ನಡುಗತೊಡಗಿದಾಗ ಸಿಗ್ನಲ್ಲು ಬಹಳಷ್ಟನ್ನು ತಡೆಯುತ್ತೆ. ಸಂದು ತಡೆಯಲ್ಲ. ಆ ಸಂದು ಎಷ್ಟು ಬೇಗ ಬೇಗ ವಿದ್ಯುತ್ತನ್ನು ದಾಟಿಸಬಲ್ಲದು ಅನ್ನೋದರ ಮೇಲೆ ಎಲ್ಲ ನಿಂತಿದೆ. ಕೆಲವರ ಸಂದು ನಿಧಾನಿ, ಕೆಲವರದ್ದು ಚುರುಕು. ಸಾವಿರಕ್ಕೆ ಒಬ್ಬರಿಂದ ಮೂವರಿಗೆ ಈ ಗೆರೆ ಇರುತ್ತೆ. ಅವರಲ್ಲಿ ಹಠಾತ್ ಸಾವು ಬಹಳ ಅಪರೂಪ. ಅಪರೂಪ ಅನ್ನೋದು ಸೊನ್ನೆ ಅಲ್ಲ ಅನ್ನೋದೇ ನಮ್ಮಂಥವರ ನಿದ್ದೆ ಕೆಡಿಸುವ ವಿಷಯ. ಸಂಖ್ಯೆಗಳಿಂದ ಧೈರ್ಯ ಬರುತ್ತೆ ಅನ್ನುವವರು ರಾತ್ರಿ ಎರಡು ಗಂಟೆಗೆ ಎಚ್ಚರ ಇದ್ದವರಲ್ಲ.

ಹಾಗಿದ್ದರೆ ಆ ಎಳೆಗಳನ್ನು ಕತ್ತರಿಸಿಬಿಟ್ಟರೆ? 1967ರಲ್ಲಿ ಮೇಯೊ ಕ್ಲಿನಿಕ್ಕಿನಲ್ಲಿ ಬರ್ಚೆಲ್ ತಂಡದವರು ಎದೆ ತೆರೆದ ರೋಗಿಯ ಹೃದಯಕ್ಕೆ, ಸಂದು ಇರಬಹುದಾದ ಜಾಗದಲ್ಲಿ, ಮರಗಟ್ಟಿಸುವ ಔಷಧಿ ಚುಚ್ಚಿ ನೋಡಿದರು. ಸ್ವಲ್ಪ ಹೊತ್ತು ಗೆರೆ ನೆಟ್ಟಗಾಯಿತು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿರ್ಕ್ ಡರೆರ್ ಮತ್ತು ಜೊತೆಗಾರರು ಹೃದಯದೊಳಗೆ ತಂತಿ ಇಳಿಸಿ, ಸರಿಯಾದ ಗಳಿಗೆಗೆ ಒಂದು ಮಿಡಿತ ಕೊಟ್ಟು, ಆ ಓಟವನ್ನು ತಾವೇ ಶುರು ಮಾಡಿ ತಾವೇ ನಿಲ್ಲಿಸಿ ತೋರಿಸಿದರು. ನನಗೆ ಇಡೀ ಚರಿತ್ರೆಯಲ್ಲಿ ತುಂಬಾ ಇಷ್ಟವಾದ ಘಟ್ಟ ಇದು. ಅಲ್ಲಿಯವರೆಗೆ ದೆವ್ವ ಹೊಕ್ಕ ಹಾಗೆ ಬಂದು ಹೋಗುತ್ತಿದ್ದ ಒಂದು ಸಂಗತಿಗೆ ಈಗ ಸ್ವಿಚ್ಚು ಸಿಕ್ಕಿತು.

1968ರ ಮೇ 2ರಂದು ಡ್ಯೂಕ್‌ನಲ್ಲಿ ವಿಲ್ ಸೀಲಿ ಎಂಬ ಶಸ್ತ್ರವೈದ್ಯರು ನಾರ್ತ್ ಕೆರೊಲಿನಾದ ಕರಾವಳಿಯ 32 ವರ್ಷದ ಮೀನುಗಾರರೊಬ್ಬರ ಎದೆ ತೆರೆದರು. ಯಾವ ಔಷಧಿಗೂ ಬಗ್ಗದ ಓಟದಿಂದ ಅವರ ಹೃದಯ ಸೋತುಹೋಗಿತ್ತು. ಹೃದಯದ ಹೊರಮೈ ಮೇಲೆ ಎಲ್ಲಿ ಮೊದಲು ವಿದ್ಯುತ್ತು ಇಳಿಯುತ್ತೆ ಅಂತ ನಕ್ಷೆ ಮಾಡಿ ಅಲ್ಲಿ ಕೊಯ್ದರು. ಓಟ ನಿಂತಿತು. ಇಂಥ ಶಸ್ತ್ರಚಿಕಿತ್ಸೆ ಫಲಿಸಿದ್ದು ಅದೇ ಮೊದಲು. ಆದರೆ ಒಂದು ಎಳೆ ಸ್ನಾಯುವಿಗೋಸ್ಕರ ಎದೆಯ ಮೂಳೆ ಸೀಳುವುದು! ಯಾರಿಗಂತ ಮಾಡೋದು?

ಎದೆ ಸೀಳದೆ ಮಾಡುವ ದಾರಿ ತೋರಿಸಿದ್ದು ಒಂದು ಅವಘಡ. 1970ರ ದಶಕದ ಕೊನೆಗೆ ಫ್ರಾನ್ಸಿನಲ್ಲಿ ರೋಗಿಯೊಬ್ಬರ ಹೃದಯದಲ್ಲಿ ತಂತಿ ಇದ್ದಾಗಲೇ ಓಟ ಕೆಟ್ಟು, ಹೊರಗಿನಿಂದ ಶಾಕ್ ಕೊಡಬೇಕಾಯಿತು. ಶಾಕ್ ತಂತಿಯ ತುದಿಗೆ ಹರಿದು ಅಲ್ಲಿನ ಮಾಮೂಲಿ ದಾರಿಯನ್ನೇ ಶಾಶ್ವತವಾಗಿ ಸುಟ್ಟಿತು. ವೈದ್ಯರು ಅದನ್ನು ಮುಚ್ಚಿಡದೆ 1979ರಲ್ಲಿ ಅಚ್ಚು ಹಾಕಿಸಿದರು, ದೊಡ್ಡ ಮನಸ್ಸು. ಸ್ಯಾನ್ ಫ್ರಾನ್ಸಿಸ್ಕೋದ ಮೆಲ್ವಿನ್ ಶೈನ್‌ಮನ್ ಅದನ್ನೇ ಬೇಕೆಂದು ಮಾಡಿ 1982ರಲ್ಲಿ ಪ್ರಕಟಿಸಿದರು. ಶಾಕ್ ಬದಲು ರೇಡಿಯೋ ಅಲೆಯ ಬಿಸಿ ಬಂದಮೇಲೆ ಕೆಲಸ ನಯವಾಯಿತು. 1991ರಲ್ಲಿ ಒಕ್ಲಹೋಮಾದ ವಾರೆನ್ ಜಾಕ್‌ಮನ್ 166 ಜನರ ಲೆಕ್ಕ ಕೊಟ್ಟರು. 164 ಜನರಲ್ಲಿ ಸಂದು ಮುಚ್ಚಿತ್ತು.

ನನ್ನ ಡಾಕ್ಟರು ಸಂದು ಚುರುಕೋ ನಿಧಾನವೋ ಅಂತ ಮೊದಲು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರು. ಓಡುವಾಗ ಒಂದು ಹಂತದಲ್ಲಿ ಇಳಿಜಾರು ಥಟ್ಟನೆ ಮಾಯ ಆದರೆ ಸಂದು ಸುಸ್ತಾಯಿತು, ಅಪಾಯ ಕಡಿಮೆ ಅಂತ ಅರ್ಥ. ನನ್ನದು ಮಾಯವಾಗಲಿಲ್ಲ. ಜಿಮ್ನಾಸ್ಟಿಕ್ ಮೇಷ್ಟ್ರ ಅದೃಷ್ಟ ನನಗಿರಲಿಲ್ಲ. ಸರಿ, ಸುಡಿಸೋಣ ಅಂತಾಯಿತು. ತೊಡೆಸಂದಿನ ರಕ್ತನಾಳದಿಂದ ತಂತಿಗಳು, ಅರೆ ಎಚ್ಚರ. "ಈಗ ನಾವೇ ಓಡಿಸ್ತೀವಿ, ಹೆದರ್ಕೋಬೇಡಿ," ಅಂದರು. ಎದೆ ಓಡಿತು. ಎಂಟು ವರ್ಷ ಹೆದರಿಸಿದ್ದ ಅದೇ ಓಟ. "ನಿಲ್ಲಿಸ್ತೀವಿ," ಅಂದರು. ನಿಂತಿತು. ನನಗೆ ಅಳು ಬಂದದ್ದು ನೋವಿಗಲ್ಲ. ಮಾನಿಟರ್ ಮೇಲೆ ಡಾಕ್ಟರು ತೋರಿಸಿದ ಸುಟ್ಟ ಜಾಗ ಕೆಲವೇ ಮಿಲಿಮೀಟರ್.

ಇಲ್ಲಿಗೆ ಮುಗಿಯಬೇಕಿತ್ತು. ಗೆರೆ ನೆಟ್ಟಗಾದ ಮೇಲೂ ತಿಂಗಳುಗಟ್ಟಲೆ ನನ್ನ ಬೆರಳು ಕತ್ತಿನ ನಾಡಿಯ ಮೇಲೇ ಇರುತ್ತಿತ್ತು. ಮೀಟಿಂಗಿನಲ್ಲಿ, ಮೆಟ್ರೋದಲ್ಲಿ, ಸಿನಿಮಾದ ಕತ್ತಲಲ್ಲಿ. ಒಂದು ಬಡಿತ ತಪ್ಪಿದರೆ ಬೆವರು. ವೈರಿಂಗ್ ಸರಿಮಾಡುವವರು ನಮ್ಮ ಬೆಂಗಳೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದನ್ನು ಯಾರ ಹತ್ತಿರ ತಗೊಂಡು ಹೋಗೋದು ಅಂತ ಯಾವ ಡಿಸ್ಚಾರ್ಜ್ ಸಮ್ಮರಿಯಲ್ಲೂ ಬರೆದಿರಲ್ಲ. ನಾನು ಆಪ್ತಸಮಾಲೋಚಕಿಯೊಬ್ಬರನ್ನು ಕಂಡೆ. ಅವರಿಗೆ ಲೂಯಿಸ್ ಹೆಸರು ಗೊತ್ತಿರಲಿಲ್ಲ, ಆದರೆ ಹೇಳಿದ್ದು ಹ್ಯಾಂಪ್‌ಸ್ಟೆಡ್ಡಿನ ಡ್ರಿಲ್ಲನ್ನೇ. ಮೊದಲ ವಾರ ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ ಒಂದು ಸುತ್ತು, ನಾಡಿ ಮುಟ್ಟದೆ. ಆಮೇಲೆ ಎರಡು. ಆಮೇಲೆ ಒಂದು ಸುತ್ತು ಓಟ. ಓಡಿದಾಗ ಎದೆ ಹೊಡೆದುಕೊಳ್ಳೋದು ಅದರ ಕೆಲಸ ಅಂತ ಮೈಗೆ ಮತ್ತೆ ಕಲಿಸಬೇಕಾಗಿತ್ತು.

ಪಾಲ್ ಡಡ್ಲಿ ವೈಟ್ 1973ರಲ್ಲಿ 87ನೇ ವಯಸ್ಸಿಗೆ ತೀರಿಕೊಂಡರು. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತ ಆದಾಗ, ಇವರು ಇನ್ನು ಕೆಲಸ ಮಾಡಬಲ್ಲರು ಅಂತ ಇಡೀ ದೇಶಕ್ಕೆ ವಿವರಿಸಿ ಹೇಳಿದ್ದು ಇದೇ ವೈಟ್. ಇಳಿವಯಸ್ಸಿನಲ್ಲೂ ಸೈಕಲ್ ತುಳಿಯುತ್ತಿದ್ದರು, ಸಿಕ್ಕಿದವರಿಗೆಲ್ಲ ತುಳಿಯಿರಿ ಅನ್ನುತ್ತಿದ್ದರು. ಅವರ ಒಂದು ಫೋಟೋ ನೋಡಿದ್ದೇನೆ, ಸೂಟು ಹಾಕಿಕೊಂಡು ಸೈಕಲ್ ಮೇಲೆ. ಅಮ್ಮನಿಗೆ ತೋರಿಸಿದೆ. "ಯಾರೇ ಈ ಮುದುಕ?" ಅಂದರು. ಫೈಲಿನ ಮೇಲಿದ್ದ ಕೊನೇ ಹೆಸರು ಇವರದ್ದೇ ಅಂದೆ. ಅಮ್ಮ ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದರು.